ಸಂಗೀತ ಬರೀ ನೆಪ ಅನ್ನೋದು ತಪ್ಪು

ಗ್ರೇಟ್‌ಫುಲ್ ಡೆಡ್ (1995ರವರೆಗೆ ಇತ್ತು), ಫಿಶ್ ಅನ್ನೋ ಅಮೆರಿಕದ ರಾಕ್ ಬ್ಯಾಂಡ್‌ಗಳ ಶೋಗಳಿಗೆ ಜನ ಹೋಗೋದೇ ನಶೆಗೆ, ಸಂಗೀತ ಬರೀ ನೆಪ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ ಸರ್, ಇದನ್ನ ನಾನು ಒಪ್ಪಲ್ಲ. ನಶೆ ಇಲ್ವೇ ಇಲ್ಲ ಅಂತಿಲ್ಲ, ಇದೆ, ಆದ್ರೆ ಅದೇ ಜನಜಂಗುಳಿ ಮಧ್ಯೆ ವಾರ್ಫ್ ರ‍್ಯಾಟ್ಸ್ ಅಂತ ಕುಡಿತ, ಡ್ರಗ್ಸ್ ಬಿಟ್ಟೋರ ಗುಂಪು 80ರ ದಶಕದಿಂದ ಇದೆ, ಹಳದಿ ಬಲೂನ್ ಕಟ್ಟಿ ಟೇಬಲ್ ಹಾಕ್ಕೊಂಡಿರ್ತಾರೆ, ಶೋನ ಎರಡು ಭಾಗಗಳ (ಸೆಟ್) ಮಧ್ಯದ ಬ್ರೇಕಲ್ಲಿ ಅಲ್ಲೇ ಸೇರಿ ಮಾತಾಡಿ ಒಬ್ಬರಿಗೊಬ್ಬರು ಧೈರ್ಯ ತುಂಬ್ತಾರೆ. ಫಿಶ್ ಫ್ಯಾನ್ಸಲ್ಲೂ ಇಂಥದ್ದೇ ಗುಂಪಿದೆ.

ಇನ್ನು ಸಂಗೀತ ನೆಪ ಅನ್ನೋದು! 1984ರಲ್ಲಿ ಡೆಡ್‌ನವರು ಶೋ ರೆಕಾರ್ಡ್ ಮಾಡೋ ಫ್ಯಾನ್ಸ್‌ಗೆ ಅಂತಾನೇ ಬೇರೆ ಜಾಗ ಬಿಟ್ಕೊಟ್ರು, ಆ ಕ್ಯಾಸೆಟ್‌ಗಳನ್ನ ದುಡ್ಡಿಗೆ ಮಾರದೆ ಕಾಪಿ ಮಾಡಿ ಪೋಸ್ಟಲ್ಲಿ ಹಂಚ್ಕೊಂಡೋರು ಇವರೇ. 2017ರಲ್ಲಿ ಫಿಶ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಲ್ಲಿ 13 ಶೋ ಕೊಟ್ಟಾಗ ಒಂದೇ ಒಂದು ಹಾಡು ರಿಪೀಟ್ ಆಗ್ಲಿಲ್ಲ, ಸ್ಟೇಜ್ ಮೇಲೆ ಅಲ್ಲೇ ಹೊಸದಾಗಿ ನುಡಿಸ್ತಾ ಯಾವ ರಾತ್ರಿ ಯಾವ ಹಾಡು ಎಷ್ಟು ನಿಮಿಷ ಬೆಳೀತು ಅಂತ ಲೆಕ್ಕ ಇಡೋ ಜನ ಬರೀ ನಶೆಗೆ ಬರ್ತಾರಾ? ಟಿಕೆಟ್ ಇಲ್ದೆ ಗೇಟ್ ಹೊರಗೆ ‘ಒಂದು ಟಿಕೆಟ್ ಬೇಕು’ ಅಂತ ಒಂದು ಬೆರಳೆತ್ತಿ ನಿಂತವನಿಗೆ ಗುರುತಿಲ್ದೋರು ಪುಕ್ಕಟೆ ಟಿಕೆಟ್ ಕೊಡ್ತಾರಲ್ಲ, ಅದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.