ಅಜ್ಜಿ ಮೇಲೆ ಹೋದದ್ದು

ಮೇಲಿನಮನೆ ಅಜ್ಜಿಯನ್ನು ನಾಲ್ಕು ಜನ ಹೊತ್ತು ಸಾಗುವುದನ್ನು ಕಂಡು, ತೋಟದಲ್ಲಿದ್ದ ಯಾರೋ ಹಾಳೆಟೊಪ್ಪಿ ತೆಗೆದು ಕೈಮುಗಿದು ನಿಂತರಂತೆ. ಅಜ್ಜಿ ಜೋಲಿಯಿಂದ ತಲೆ ಹೊರಹಾಕಿ, "ಹೋಗಿಲ್ಲ ಮಾರಾಯ, ಡಾಕ್ಟ್ರಿಗೆ ತೋರ್ಸಕ್ಕೆ ಹೊರಟಿದ್ದು" ಎಂದರಂತೆ.

ನಮ್ಮ ಮಲೆನಾಡಿಗೆ ಜೋಲಿ ಹೊಸತಲ್ಲ. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದರೆ ಬಿದಿರಿಗೆ ಕಂಬಳಿ ಕಟ್ಟಿ, ರೋಗಿಯನ್ನು ಡಾಂಬರು ರಸ್ತೆಯವರೆಗೆ ಹೊರುವುದು ಅಪ್ಪನ ಕಾಲದಿಂದಲೂ ಇದ್ದದ್ದೇ. ಆಗ ಜೋಲಿ ಗುಡ್ಡ ಇಳಿಯುತ್ತಿತ್ತು. ಈಗ ಮೊಬೈಲಿನಲ್ಲೇ ದೂರದ ಡಾಕ್ಟರಿಗೆ ತೋರಿಸುವ ಟೆಲಿಮೆಡಿಸಿನ್ ಬಂದಿದೆ, ಜೋಲಿ ಗುಡ್ಡ ಹತ್ತುತ್ತದೆ. ನೆಟ್‌ವರ್ಕ್ ಸಿಗುವುದು ತುದಿಯ ನೇರಳೆ ಮರದ ಬುಡದಲ್ಲಿ ಮಾತ್ರ. ಅಭಿವೃದ್ಧಿ ಎಂದರೆ ಮೇಲೇರುವುದು ತಾನೇ?

ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿದ್ದು 2020ರ ಮಾರ್ಚ್ 25ರಂದು. ವಿಡಿಯೊ ಆಗಬಹುದು, ಫೋನ್ ಮಾತು ಆಗಬಹುದು, ಬರೀ ಮೆಸೇಜೂ ಆಗಬಹುದು. ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಬೇಕು, ಅಮಲಿನ ಔಷಧ ಬರೆಯಕೂಡದು. ಎಲ್ಲ ಅಚ್ಚುಕಟ್ಟು. ಗುಡ್ಡದ ವಿಷಯ ಮಾತ್ರ ಬಿಟ್ಟುಹೋಗಿದೆ. ಆದರೆ ಸರ್ಕಾರಿ ಸೇವೆಗೆ 'ಇ-ಸಂಜೀವನಿ' ಎಂದು ಹೆಸರಿಟ್ಟವರಿಗೆ ಸೂಚನೆ ಸಿಕ್ಕಿರಲೇಬೇಕು. ಸಂಜೀವಿನಿ ಬೇಕಾದವರಿಗೆ ಗುಡ್ಡದ ಸಹವಾಸ ತ್ರೇತಾಯುಗದಿಂದಲೂ ತಪ್ಪಿಲ್ಲ. ಹನುಮಂತ ಗುಡ್ಡವನ್ನೇ ರೋಗಿಯ ಹತ್ತಿರ ತಂದ, ನಾವು ರೋಗಿಯನ್ನು ಗುಡ್ಡಕ್ಕೆ ಒಯ್ಯುತ್ತೇವೆ. ನಮಗೆ ಬಾಲ ಇಲ್ಲವಲ್ಲ.

ತಮಾಷೆ ಏನೆಂದರೆ, ಇದು ಕರ್ನಾಟಕಕ್ಕೆ ಹೊಸ ವಿದ್ಯೆಯೂ ಅಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆಯೇ ಇಸ್ರೊ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅಂದರೆ ರೋಗಿಯ ಎದೆಬಡಿತ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಅಷ್ಟೇ ದೂರ ಇಳಿದು ಡಾಕ್ಟರ ಮೇಜಿಗೆ ಬರುತ್ತಿತ್ತು. ಈಗ ಎಂಟು ಕಿಲೋಮೀಟರ್ ದೂರದ ಟವರಿನಿಂದ ಅಜ್ಜಿಯ ಜಗಲಿಗೆ ಒಂದು ಕಡ್ಡಿ ಸಿಗ್ನಲ್ ಬರಲಾರದು. ಆಕಾಶ ಹತ್ತಿರ, ಪಕ್ಕದೂರೇ ದೂರ.

ಇರಲಿ, ನೇರಳೆ ಮರಕ್ಕೆ ಬರೋಣ. ಮೊದಲು ಓಟಿಪಿ. ಅದು ಬೆಂಗಳೂರಿನಲ್ಲಿರುವ ಮೊಮ್ಮಗನ ಮೊಬೈಲಿಗೆ ಹೋಯಿತು, ಮೊಮ್ಮಗ ಮೀಟಿಂಗಿನಲ್ಲಿದ್ದ. ಅವನು ಹೊರಬಂದು ಅಂಕಿ ಹೇಳುವಷ್ಟರಲ್ಲಿ ಅದರ ಆಯುಷ್ಯ ಮುಗಿದಿತ್ತು. ಇನ್ನೊಂದು ತರಿಸಿ, ಸರದಿಯಲ್ಲಿ ಕಾದು, ಎರಡು ಸುತ್ತು ಎಲೆಯಡಿಕೆ ಮುಗಿದ ಮೇಲೆ ಡಾಕ್ಟರು ಕಾಣಿಸಿಕೊಂಡರು.

"ಏನಾಗಿದೆ ಅಮ್ಮ?"

"ಮಂಡಿ ಮಾರಾಯ್ರೆ."

"ಎಲ್ಲಿ, ಮಡಚಿ ತೋರ್ಸಿ."

ಅಜ್ಜಿ ಕಷ್ಟಪಟ್ಟು ಮಂಡಿ ಮಡಚುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಡಾಕ್ಟರ ಬಾಯಿ ಅರ್ಧ ತೆರೆದಿದೆ, ಕಣ್ಣು ಅರ್ಧ ಮುಚ್ಚಿದೆ, ಅಲುಗಾಟವಿಲ್ಲ. "ಅಯ್ಯೋ, ಇವ್ರಿಗೇ ಏನೋ ಆತಲ್ರೋ, ನೀರು ತಗಂಬನ್ನಿ!" ಎಂದು ಅಜ್ಜಿ ಕೂಗಿಕೊಂಡರು. ಹುಡುಗನೊಬ್ಬ ಮೊಬೈಲ್ ಹಿಡಿದು ಮರ ಹತ್ತಿದ ಮೇಲೆ ಡಾಕ್ಟರಿಗೆ ಜೀವ ಬಂತು. ಅವರು ಸಲಹೆ ಕೊಟ್ಟರು: "ಮಂಡಿಗೆ ಆಯಾಸ ಮಾಡ್ಬೇಡಿ. ಗುಡ್ಡಗಿಡ್ಡ ಹತ್ತಲೇಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಒಂದು ಎಕ್ಸ್‌ರೇ ಮಾಡ್ಸಿ."

ಸರಿ, ಜೋಲಿ ಮತ್ತೆ ಹಳೆಯ ದಾರಿ ಹಿಡಿಯಬೇಕು. ಆದರೆ ಹೊತ್ತವರಲ್ಲಿ ಒಬ್ಬ ಸೊಂಟ ಹಿಡಿದುಕೊಂಡು ಕೂತವನು ಏಳಲಿಲ್ಲ. ಅಜ್ಜಿ ಅವನನ್ನೊಮ್ಮೆ, ಮರದ ಮೇಲಿನ ಮೊಬೈಲನ್ನೊಮ್ಮೆ ನೋಡಿ ಹೇಳಿದರು:

"ಹ್ಯಾಂಗೂ ಸಿಗ್ನಲ್ ಇದ್ಯಲ, ಇವನ ಸೊಂಟಾನೂ ತೋರ್ಸಿಬಿಡ್ರೋ."