ಒಂದೇ ಕೋಣೆ, ಎರಡು ವಾರದ ತಾಲೀಮು

‘ಒಂದೇ ಕೋಣೆಯ ಕಥೆ ತಾನೇ, ತಾಲೀಮು ಯಾಕೆ? ಸೀದಾ ಶೂಟಿಂಗಿಗೆ ಹೋಗೋಣ.’ ಕನ್ನಡದ ಸಿನಿಮಾ ನಿರ್ಮಾಪಕರೊಬ್ಬರ ಈ ಮಾತು ನ್ಯೂಯಾರ್ಕಿನಲ್ಲಿ ಕೂತು ಕೇಳುವ ನನಗೆ ಚುಚ್ಚಿತು. ಯಾಕೆಂದರೆ ಅಮೆರಿಕದ ನಿರ್ದೇಶಕ ಸಿಡ್ನಿ ಲ್ಯೂಮೆಟ್ ಇದೇ ಊರಿನಲ್ಲಿ, ಕೊಲೆ ಪ್ರಕರಣವೊಂದರ ತೀರ್ಪಿಗಾಗಿ ಹನ್ನೆರಡು ಮಂದಿ ಜ್ಯೂರಿಗಳು ವಾದಿಸುವ ಒಂದೇ ಕೋಣೆಯ ‘12 ಆ್ಯಂಗ್ರಿ ಮೆನ್’ (1957) ಚಿತ್ರಕ್ಕೆ ಎರಡು ವಾರ ತಾಲೀಮು ಮಾಡಿಸಿದ್ದರು. ಮೂರು ವಾರದೊಳಗೆ ಚಿತ್ರೀಕರಣ ಮುಗಿದದ್ದೂ ಅದರಿಂದಲೇ.

ಅದು ಅವರ ಮೊದಲ ಸಿನಿಮಾ. ಆದರೆ ಅಷ್ಟರಲ್ಲಿ ಅವರು ಸಿಬಿಎಸ್ ಟಿವಿ ವಾಹಿನಿಯ ನೇರಪ್ರಸಾರದ ನಾಟಕಗಳಲ್ಲಿ ಪಳಗಿದ್ದರು. ಅಲ್ಲಿ ರೀಟೇಕ್ ಇಲ್ಲ. ನಟ ಒಂದು ಹೆಜ್ಜೆ ತಪ್ಪಿ ನಿಂತರೆ ಮೈಕಿನ ನೆರಳು ಮುಖಕ್ಕೆ ಬೀಳುತ್ತದೆ, ಒಂದು ಕ್ಯಾಮೆರಾದ ಚೌಕಟ್ಟಿನೊಳಗೆ ಇನ್ನೊಂದು ನುಗ್ಗುತ್ತದೆ. ಆ ಭಯವೇ ಕಲಿಸಿದ ಕ್ರಮ ಇದು: ಮೊದಲ ಎರಡು ಮೂರು ದಿನ ಮೇಜಿನ ಸುತ್ತ ಓದು, ಆಮೇಲೆ ಬಾಡಿಗೆ ಹಾಲಿನ ನೆಲಕ್ಕೆ ಟೇಪ್ ಅಂಟಿಸಿ ಸೆಟ್ಟಿನ ಗೋಡೆ, ಬಾಗಿಲುಗಳ ಗುರುತು, ಕೊನೆಗೆ ಛಾಯಾಗ್ರಾಹಕರನ್ನು ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಒಂದೇ ಓಟ.

ಇದರ ಲಾಭ ಬೆಳಕಿನಲ್ಲಿದೆ. ಕ್ಯಾಮೆರಾ ನೋಡುವ ದಿಕ್ಕು ಬದಲಾದಾಗೆಲ್ಲ ದೀಪಗಳನ್ನು ಕಿತ್ತು ಮತ್ತೆ ಕಟ್ಟಬೇಕು. ಹೊತ್ತು ಹೋಗುವುದೇ ಅದಕ್ಕೆ. ಲ್ಯೂಮೆಟ್ ಒಂದು ಬದಿಗೆ ಬೆಳಕು ಕಟ್ಟಿದರೆ, ಆ ಬದಿಯ ಶಾಟ್‌ಗಳನ್ನೆಲ್ಲ ಕಥೆಯ ಕ್ರಮ ನೋಡದೆ ತೆಗೆದು ಮುಗಿಸುತ್ತಿದ್ದರು. ಮಾಮೂಲು ಬೆಳಕಿಗೊಮ್ಮೆ, ಮಳೆಮೋಡಕ್ಕೊಮ್ಮೆ, ದೀಪ ಹಾಕಿದ ಮೇಲೊಮ್ಮೆ, ಹೀಗೆ ಕೋಣೆಗೆ ಮೂರು ಸುತ್ತು. ನಟ ಲೀ ಜೆ. ಕಾಬ್ ಬೈದದ್ದಕ್ಕೆ ಎದುರಿನ ನಟ ಹೆನ್ರಿ ಫೋಂಡಾ ಕೊಡುವ ಉತ್ತರ ವಾರ ಕಳೆದು ಚಿತ್ರೀಕರಣವಾದದ್ದೂ ಉಂಟು. ಸಿಟ್ಟಿನ ಮಟ್ಟ ತಾಲೀಮಿನಲ್ಲೇ ನಿಗದಿಯಾಗಿತ್ತು, ಅದಕ್ಕೇ ಜೋಡಿಸಿದಾಗ ಬಿರುಕು ಕಾಣಲಿಲ್ಲ.

ಲೆನ್ಸೂ ಹಾಗೆಯೇ. ಆರಂಭದಲ್ಲಿ 28ರಿಂದ 40 ಎಂಎಂ, ಆಮೇಲೆ 50, 75, 100. ಈ ಸಂಖ್ಯೆ ಏರಿದಷ್ಟೂ ಚೌಕಟ್ಟು ಕಿರಿದಾಗುತ್ತದೆ, ಹಿನ್ನೆಲೆ ಹತ್ತಿರ ಬಂದ ಹಾಗೆ ಕಾಣುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿಂದ ಶುರುವಾಗಿ, ಕೊನೆಯ ಭಾಗದಲ್ಲಿ ಕೆಳಗಿಳಿದು ಚಾವಣಿ ತೋರಿಸುತ್ತದೆ. ಗೋಡೆಗಳು ಒತ್ತಿಕೊಂಡು ಬಂದ ಹಾಗಿರುತ್ತದೆ. ಯಾವ ಶಾಟ್ ಕಥೆಯ ಎಲ್ಲಿಗೆ ಎಂದು ಮೊದಲೇ ತಿಳಿಯದವರು ಹೀಗೆ ಲೆನ್ಸ್ ಆರಿಸಲಾರರು.

ನಮ್ಮಲ್ಲಿ ಎಷ್ಟೋ ಸಲ ಸಂಭಾಷಣೆಯ ಹಾಳೆ ಕೈಗೆ ಬರುವುದು ಮೇಕಪ್ ಕುರ್ಚಿಯಲ್ಲಿ. ಸಹಾಯಕರು ಪಕ್ಕದಿಂದ ಸಾಲು ಹೇಳಿಕೊಡುತ್ತಾರೆ, ನಟರ ಕಣ್ಣು ಎದುರಿನವರನ್ನು ಬಿಟ್ಟು ಅತ್ತ ವಾಲುತ್ತದೆ. ದನಿಯನ್ನು ಡಬ್ಬಿಂಗಿನಲ್ಲಿ ಸರಿಮಾಡಬಹುದು. ವಾಲಿದ ಕಣ್ಣನ್ನು ಹೇಗೆ ಸರಿಮಾಡುವುದು? ರಾಜ್‌ಕುಮಾರ್ ಅವರಂಥ ನಟರನ್ನು ಗುಬ್ಬಿ ಕಂಪನಿಯ ತಾಲೀಮಿನಿಂದ ಪಡೆದ ಚಿತ್ರರಂಗ ಅದನ್ನೇ ದಂಡದ ಖರ್ಚು ಎನ್ನುವುದು ನನಗೆ ನೋವಿನ ಸಂಗತಿ.

ಹಾಗೆಂದು ಇಲ್ಲಿ ಅಮೆರಿಕದಲ್ಲಿ ಎಲ್ಲವೂ ಸೊಗಸಾಗಿತ್ತು ಎನ್ನಲಾರೆ. ಆ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೊರಗಿತು. ಅದಕ್ಕೆ ಮೂಲವಾದ 1954ರ ಟಿವಿ ನಾಟಕದ ಪೂರ್ತಿ ರೆಕಾರ್ಡಿಂಗ್ ಕಳೆದೇ ಹೋಗಿತ್ತು, ಮತ್ತೆ ಸಿಕ್ಕಿದ್ದು 2003ರಲ್ಲಿ. ದಿನಕ್ಕೊಂದು ಕಂತು ಒಪ್ಪಿಸಬೇಕಾದ ನಮ್ಮ ಧಾರಾವಾಹಿಯವರಿಗೆ ಎರಡು ವಾರ ಎಲ್ಲಿಂದ ಬರಬೇಕು, ಅದನ್ನೂ ಒಪ್ಪುತ್ತೇನೆ. ಆದರೆ ಸಿನಿಮಾದವರಿಗೆ ಆ ಅವಸರವಿಲ್ಲ. ಒಂದು ಹಾಲಿನ ಬಾಡಿಗೆ, ನಾಲ್ಕು ಸುರುಳಿ ಟೇಪು, ಮುಂಚಿತವಾಗಿ ಕೈಗಿಟ್ಟ ಸ್ಕ್ರಿಪ್ಟು: ಇಷ್ಟಕ್ಕೆ ಅವರಲ್ಲಿ ಹಣವಿದೆ.