ದೌ ಅಂದರೆ ಏಕವಚನ, ಸ್ವಾಮೀ!

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಇಂಗ್ಲಿಷ್ ಪ್ರಾರ್ಥನೆಗಳನ್ನು ನೋಡಿ. ದೇವರ ಹೆಸರು ಬಂದ ಕೂಡಲೇ ‘ಯೂ’ ಎದ್ದುಹೋಗಿ ‘ದೌ’ (thou) ಬಂದು ಕೂರುತ್ತದೆ. ಯಾಕೆ ಅಂತ ಕೇಳಿದರೆ, ‘ಅದು ಹಳೇ ಇಂಗ್ಲಿಷು, ಬಹಳ ಗೌರವದ ಪದ, ನಮ್ಮ ತಾವು ಇದ್ದ ಹಾಗೆ’ ಅನ್ನುತ್ತಾರೆ. ಓದಿಕೊಂಡವರೂ ಅನ್ನುತ್ತಾರೆ. ಪೂರ್ತಿ ಉಲ್ಟಾ. ದೌ ಅಂದರೆ ಅಪ್ಪಟ ‘ನೀನು’.

ಸಂಸ್ಕೃತದ ‘ತ್ವಂ’, ಲ್ಯಾಟಿನ್ನಿನ ‘ತೂ’, ಹಿಂದಿಯ ‘ತೂ’ ಎಲ್ಲವೂ ಇದರ ಬಳಗವೇ. ಸಾವಿರ ವರ್ಷದ ಹಿಂದೆ ಇಂಗ್ಲಿಷರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಥೂ’ (ನಗಬೇಡಿ). ಎದುರಿಗಿರುವವರು ಒಬ್ಬರಾದರೆ ಥೂ, ಹೆಚ್ಚಿದ್ದರೆ ಬೇರೆ ಪದ, ಅಷ್ಟೇ ಲೆಕ್ಕ. ರಾಜನಿಗೂ ದನ ಕಾಯುವವನಿಗೂ ಒಂದೇ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ದಂಡೆತ್ತಿ ಬಂದು ಆಸ್ಥಾನದಲ್ಲಿ ಫ್ರೆಂಚ್ ನೆಲೆಯೂರಿತು. ಆ ಪ್ರಭಾವದಲ್ಲೇ 13ನೇ ಶತಮಾನದಿಂದೀಚೆಗೆ ದೊಡ್ಡವರಿಗೆ ಬಹುವಚನದ ‘ಯೂ’, ಆಳುಕಾಳುಗಳಿಗೆ, ಮಕ್ಕಳಿಗೆ, ಗೆಳೆಯರಿಗೆ ದೌ ಎಂಬ ರೂಢಿ ಬೆಳೆಯಿತು.

ಅಲ್ಲಿಂದ ಶುರು ನೋಡಿ ತಮಾಷೆ. 1603ರಲ್ಲಿ ಇಂಗ್ಲೆಂಡಿನ ನಾವಿಕ, ಆಸ್ಥಾನಿಕ ಸರ್ ವಾಲ್ಟರ್ ರ‍್ಯಾಲಿ ಮೇಲೆ ರಾಜದ್ರೋಹದ ವಿಚಾರಣೆ. ಸರ್ಕಾರದ ಪರ ವಕೀಲ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲಿ ಏಕವಚನಕ್ಕಿಳಿದ. ಇಳಿದದ್ದಲ್ಲದೆ, ‘ಹೌದು, ನಿನ್ನನ್ನು ನೀನು ಅಂತಲೇ ಅನ್ನುತ್ತೇನೆ, ದ್ರೋಹಿ!’ ಅಂತ ಸಾರಿಯೂ ಹೇಳಿದ. ನಮ್ಮ ಜಗಳಗಳಲ್ಲಿ ‘ಏಕವಚನದಲ್ಲಿ ಮಾತಾಡ್ಬೇಡಿ’ ಅನ್ನುತ್ತೇವಲ್ಲ, ಅದೇ ಸೀನು.

ಕ್ವೇಕರುಗಳದ್ದು ಇನ್ನೂ ಸ್ವಾರಸ್ಯ. ಜಾರ್ಜ್ ಫಾಕ್ಸ್ ಕಟ್ಟಿದ ಈ ಕ್ರೈಸ್ತ ಪಂಥದವರು ದೇವರ ಮುಂದೆ ಎಲ್ಲರೂ ಸಮ ಎಂದು ನ್ಯಾಯಾಧೀಶರಿಗೂ ದೌ ಅಂದರು. ಏಟು ತಿಂದರು, ಜೈಲು ಕಂಡರು. ಮುಂದೆ ಕುರುಡ ಕವಿ ಮಿಲ್ಟನ್‌ಗೆ ಪುಸ್ತಕ ಓದಿ ಹೇಳುತ್ತಿದ್ದ ಥಾಮಸ್ ಎಲ್‌ವುಡ್ ಹೊಸದಾಗಿ ಕ್ವೇಕರ್ ಆಗಿ ಹೆತ್ತ ಅಪ್ಪನಿಗೇ ದೌ ಅಂದ. ‘ಇನ್ನೊಂದು ಸಲ ಅಂದರೆ ಹಲ್ಲು ಉದುರಿಸಿ ಗಂಟಲಿಗಿಳಿಸುತ್ತೇನೆ’ ಅಂದಿತು ಪಿತೃವಾಕ್ಯ.

ಹಾಗಾದರೆ ದೇವರ ಘನತೆ ಅಂಟಿಕೊಂಡದ್ದು ಎಲ್ಲಿ? ಬೈಬಲ್ಲಿನಲ್ಲಿ. 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ ಟಿಂಡೇಲ್ ಒಬ್ಬರಿದ್ದಲ್ಲೆಲ್ಲ ದೌ ಹಾಕಿದ. ದೇವರಿಗೂ ಅದೇ, ಸೈತಾನನಿಗೂ ಅದೇ. 1611ರ ರಾಜ ಜೇಮ್ಸನ ಬೈಬಲ್ಲೂ ಅದೇ ಹಾದಿ ಹಿಡಿಯಿತು. ಆಮೇಲೆ ಸಂತೆ, ಅಂಗಡಿ, ಅಡುಗೆಮನೆಗಳಿಂದ ದೌ ಮರೆಯಾಯಿತು, ಚರ್ಚಿನಲ್ಲಿ ಮಾತ್ರ ಉಳಿಯಿತು. ಬಳಕೆ ತಪ್ಪಿದ್ದಕ್ಕೇ ಭಾರೀ ಪದ ಅನ್ನಿಸಿಕೊಂಡಿತು.

‘ನೀನೊಲಿದರೆ ಕೊರಡು ಕೊನರುವುದಯ್ಯಾ’ ಎಂದ ಬಸವಣ್ಣನ ಕನ್ನಡದವರಿಗೆ ಇದು ಹೊಸದಾಗಬಾರದು. ವಚನವನ್ನು ಇಂಗ್ಲಿಷಿಗೆ ತರುವಾಗ ದೌ ಹಾಕುವವರು ಸರಿಯಾಗಿಯೇ ಹಾಕುತ್ತಾರೆ. ಆದರೆ ಹಾಕಬೇಕಾದ್ದು ಸಲುಗೆಗೆ, ಭಯಭಕ್ತಿಗಲ್ಲ.

ಫಾಕ್ಸ್ ಎಲ್ಲರನ್ನೂ ‘ನೀನು’ಗೆ ಇಳಿಸಲು ಹೊರಟ, ಇಂಗ್ಲಿಷರು ಕೊನೆಗೆ ಎಲ್ಲರನ್ನೂ ‘ನೀವು’ಗೆ ಏರಿಸಿದರು. ನನ್ನ ಓಟು ಎರಡನೆಯದಕ್ಕೆ. ನಮ್ಮಲ್ಲಿ ಕಾರಿನಿಂದಿಳಿದ ಇಪ್ಪತ್ತರ ಹುಡುಗ ‘ಸಾರ್, ನೀವು’. ಗೇಟು ತೆಗೆಯುವ ಅರುವತ್ತರ ಸೆಕ್ಯುರಿಟಿಯವರು ಮಾತ್ರ ‘ಏಯ್, ನೀನು’. ಕೋಕ್‌ಗಾದರೂ ದ್ರೋಹದ ನೆಪ ಇತ್ತು, ನಮಗೇನಿದೆ?

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆ ದೌ ಇನ್ನೂ ‘ಥಾ’ ಆಗಿ ಅಲ್ಲಲ್ಲಿ ಜೀವ ಹಿಡಿದಿದೆ. ಸಲುಗೆ ಮೀರಿದವರಿಗೆ ಅಲ್ಲೊಂದು ಮಾತಿದೆ, ಧಾರವಾಡದ ಬಾಯಲ್ಲಿ ಹೇಳಬೇಕಂದರ: ‘ನನಗ ನೀ ಅನಬ್ಯಾಡ. ನಿನಗ ನೀನಽ ನೀ ಅಂದ್ಕೊಂಡು ನೋಡು, ಹೆಂಗ ಅನಸ್ತದ ಅಂತ!’